ಡ್ರೈವರಣ್ಣನ ಮ್ಯೂಸಿಯಂ

ಇಪ್ಪತ್ತೆಂಟು ವರ್ಷ ಊರಿನವರನ್ನು ನಗರ ತೋರಿಸಲು ಕರೆದೊಯ್ದವನು ಡ್ರೈವರಣ್ಣ. ಭಾನುವಾರ ಬೆಳಗ್ಗೆ ಎಂಟಕ್ಕೆ ಬಸ್ಸು ಬಿಟ್ಟರೆ ಹತ್ತಕ್ಕೆ ಮ್ಯೂಸಿಯಂ, ಎರಡಕ್ಕೆ ಅಂಗಡಿ ಬೀದಿ, ನಾಲ್ಕಕ್ಕೆ ವಾಪಸು. ಯಾವ ತಿರುವಿನಲ್ಲಿ ಯಾವ ಗುಂಡಿ ಬಾಯಿ ತೆರೆದು ಕೂತಿದೆ ಎಂಬುದು ಅವನಿಗೆ ನಿದ್ದೆಗಣ್ಣಿನಲ್ಲೂ ಗೊತ್ತು. ಆದರೆ ಮ್ಯೂಸಿಯಮ್ಮಿನ ಹೊಸ್ತಿಲನ್ನು ಮಾತ್ರ ಅವನು ಒಮ್ಮೆಯೂ ತುಳಿದವನಲ್ಲ. ಪ್ರಯಾಣಿಕರ ಚೀಲಗಳು ಒಳಗಿರುವಾಗ ಡ್ರೈವರ್ ಬಸ್ಸು ಬಿಟ್ಟು ಕದಲಬಾರದು ಎಂಬುದು ಮಾಲೀಕರ ಕಟ್ಟಪ್ಪಣೆ. ಜನರನ್ನು ಮುಂಬಾಗಿಲಲ್ಲಿ ಇಳಿಸಿ, ಬಸ್ಸನ್ನು ಕಟ್ಟಡದ ಹಿಂದಕ್ಕೆ ತಂದು ನಿಲ್ಲಿಸಿ, ಗಾಜು ಒರೆಸಿ, ಡಬ್ಬಿ ಬಿಚ್ಚಿ ಊಟ ಮಾಡಿ, ಕೊನೆಯ ಉದ್ದ ಸೀಟಿನಲ್ಲಿ ಕಾಲು ಚಾಚುತ್ತಿದ್ದ. ಮ್ಯೂಸಿಯಂ ಎಂದರೆ ಅವನ ಪಾಲಿಗೆ ಮಳೆನೀರಿನ ನಾಲ್ಕು ಕೊಳವೆ, ಸೋರುವ ಒಂದು ನಲ್ಲಿ, ತುಕ್ಕು ಹಿಡಿದ ಒಂದು ಕಬ್ಬಿಣದ ಏಣಿ.

ಇದನ್ನು ಮೊದಲ ದಿನವೇ ಹೆಂಡತಿಗೆ ಹೇಳಿಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವಳ ಇಸ್ತ್ರಿ ಅಂಗಡಿ. ಸೋಮವಾರದ ಶಾಲೆ, ಕಚೇರಿಗಳ ಬಟ್ಟೆ ಭಾನುವಾರವೇ ಮಡಿಕೆಯಾಗಬೇಕಾದ್ದರಿಂದ ಅವಳು ಆ ಬಸ್ಸು ಹತ್ತುವ ಮಾತೇ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ, ನೀರು ಚಿಮುಕಿಸುತ್ತ, ಒಳಗೆ ಏನೇನಿತ್ತು ಎಂದು ಕೇಳಿದಳು. ಹಿತ್ತಿಲ ನಲ್ಲಿಯ ಹತ್ತಿರ ಕೂತಿದ್ದೆ ಎನ್ನಲು ಹೊಸ ಗಂಡನ ಬಿಂಕ ಬಿಡಲಿಲ್ಲ. ವಾಪಸು ಬರುವಾಗ ಹಿಂದಿನ ಸೀಟಿನವರು ಆಡಿಕೊಂಡದ್ದು ಕಿವಿಯಲ್ಲೇ ಇತ್ತು. ಮೂಗಿಲ್ಲದ ಕಲ್ಲಿನ ಸಿಂಹವೊಂದಿದೆ, ಆದರೂ ಅದರ ಗತ್ತು ಒಂದಿಷ್ಟೂ ಇಳಿದಿಲ್ಲ ಎಂದುಬಿಟ್ಟ. ಅವಳ ಕೈಯ ಇಸ್ತ್ರಿಪೆಟ್ಟಿಗೆ ಬಟ್ಟೆಯಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತು. ಹಾಗೆ ನಿಂತ ಇಸ್ತ್ರಿಪೆಟ್ಟಿಗೆಯ ರುಚಿ ಅವನಿಗೆ ಒಮ್ಮೆ ಹತ್ತಿತು, ಮತ್ತೆ ಬಿಡಲಿಲ್ಲ.

ಅಲ್ಲಿಂದ ಮುಂದೆ ಅವನ ಕಣ್ಣು ರಸ್ತೆಯ ಮೇಲೆ, ಕಿವಿ ಹಿಂದಿನ ಸೀಟಿನಲ್ಲಿ. ಮೇಷ್ಟರೊಬ್ಬರು ಗಡಿಯಾರಗಳ ಕೋಣೆಯನ್ನು ಹೊಗಳಿದರೆ ಅದೂ ಬೇಕು, ಅಜ್ಜಿಯೊಬ್ಬಳು ದೋಣಿಯಲ್ಲಿ ಕೂರಲು ಬಿಡಲಿಲ್ಲವೆಂದು ಗೊಣಗಿದರೆ ಅದೂ ಬೇಕು. ಸಂಜೆಗೆ ಎಲ್ಲವನ್ನೂ ತಾನೇ ಕಂಡಂತೆ ಬಡಿಸುತ್ತಿದ್ದ. ಗಡಿಯಾರಗಳ ಕತೆ ಕೇಳುತ್ತ ಅವಳು ಒಬ್ಬ ಗುಮಾಸ್ತರ ಕಾಲರನ್ನು ಸುಟ್ಟದ್ದೂ ಉಂಟು.

ಒಂದು ಭಾನುವಾರ ಮಾತ್ರ ಬಸ್ಸಿನ ತುಂಬ ಗೊರಕೆಯೇ. ಒಬ್ಬರೂ ಬಾಯಿ ಬಿಡಲಿಲ್ಲ. ಮನೆಗೆ ಬಂದರೆ ಹೆಂಡತಿ ಬಲಗೈಗೆ ಬಿಸಿ ತಾಗಿಸಿಕೊಂಡು ಬಟ್ಟೆ ಸುತ್ತಿದ್ದಳು. ಈ ಕೆಲಸಕ್ಕೆ ಒಂದು ಬೆಲೆಯಾ, ಒಂದು ಚೆಂದವಾ ಎಂದು ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ಡ್ರೈವರಣ್ಣನ ಜೋಳಿಗೆ ಬರಿದು. ಆದರೂ ಬಾಯಿ ತೆರೆದ. ಮಹಡಿಯ ಮೇಲೆ, ಮೂಲೆಯ ಕೋಣೆಯಲ್ಲಿ ಒಂದು ಪುಟ್ಟ ಚಿತ್ರವಿದೆ ಎಂದ. ಒಬ್ಬ ಹೆಂಗಸು ಕಿಟಕಿಯ ಬಳಿ ನಿಂತು ಇಸ್ತ್ರಿ ಮಾಡುತ್ತಿದ್ದಾಳೆ. ಬೆನ್ನು ನಮ್ಮ ಕಡೆಗೆ. ಬಟ್ಟೆಯ ಅರ್ಧ ಸುಕ್ಕು, ಇನ್ನರ್ಧ ಗಾಳಿಯಿಲ್ಲದ ಹೊತ್ತಿನ ಕೆರೆಯಂತೆ. ಕತ್ತಿನ ಹಿಂದೆ ಒಂದು ಎಳೆ ಕೂದಲು ಬೆವರಿಗೆ ಅಂಟಿಕೊಂಡಿದೆ. ಜನ ಅದರ ಮುಂದೆ ಬಂದರೆ ಮಾತು ನಿಲ್ಲಿಸುತ್ತಾರೆ.

"ಇಸ್ತ್ರಿ ಮಾಡೋದನ್ನೂ ಬರೀತಾರಾ?" ಎಂದಳು ಅವಳು. ಮುಖ ಮೆಲ್ಲಗೆ ಅರಳಿತು.

ಮುಂದೆ ವರ್ಷಕ್ಕೆ ನಾಲ್ಕು ಸಲವಾದರೂ ಆ ಚಿತ್ರ ಇನ್ನೂ ಇದೆಯೇ ಎಂದು ವಿಚಾರಿಸುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ. ಒಂದು ಸಲ ಕಿಟಕಿಯಲ್ಲಿ ಬೆಕ್ಕನ್ನೂ ಕೂರಿಸಿದ, ಇನ್ನೊಂದು ಸಲ ಮೇಜಿನ ಮೇಲೆ ನೀಲಿ ಬೋಗುಣಿಯನ್ನೂ ಇಟ್ಟ.

ಅವನು ಕೆಲಸ ಬಿಟ್ಟ ಮೂರನೆಯ ತಿಂಗಳಲ್ಲಿ ಅವರ ಬೀದಿಯ ವಿದ್ಯುತ್ ತಂತಿ ಬದಲಿಸಲು ಬಂದವರು ಎರಡು ದಿನ ಕರೆಂಟಿಲ್ಲ ಎಂದರು. ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಕಪಾಟಿಗೆ ಸೇರಿಸಿ, ನಾಳೆ ಮ್ಯೂಸಿಯಮ್ಮಿಗೆ ಹೋಗೋಣ ಎಂದಳು. ಡ್ರೈವರಣ್ಣ ನಿನ್ನ ಮಂಡಿ ನೋವು ಎಂದ, ಅಲ್ಲಿ ಮೆಟ್ಟಿಲು ಜಾಸ್ತಿ ಎಂದ, ಮಂಗಳವಾರ ಬಾಗಿಲು ಹಾಕಿರುತ್ತಾರೇನೋ ಎಂದ.

"ನಾಳೆ ಬುಧವಾರ. ಆ ಇಸ್ತ್ರಿಯವಳನ್ನ ಒಂದ್ಸಲ ಕಣ್ತುಂಬ ನೋಡಬೇಕು ನಾನು. ಅಷ್ಟೇ," ಎಂದಳು ಅವಳು.

ಪ್ರಯಾಣಿಕನಾಗಿ ಕೂತ ಬಸ್ಸಿನಲ್ಲಿ ಅವನು ಪ್ರತಿ ತಿರುವಿಗೂ ಇಲ್ಲದ ಬ್ರೇಕನ್ನು ಒತ್ತುತ್ತ ಬಂದ. ಆ ಬಸ್ಸಿನ ಡ್ರೈವರ್ ಚೆನ್ನಾಗಿಯೇ ಓಡಿಸುತ್ತಿದ್ದ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಇವನ ಎಷ್ಟೋ ಮಾತನ್ನು ತಳ್ಳಿಹಾಕಿದ್ದಳು, ಭಾನುವಾರದ ಮಾತನ್ನು ಮಾತ್ರ ತಳ್ಳಿಹಾಕಿದವಳಲ್ಲ. ಇನ್ನು ಎರಡು ಗಂಟೆಯಲ್ಲಿ ಆ ಒಂದು ನಂಬಿಕೆಯೂ ಹೋಗುತ್ತದಲ್ಲ ಎಂದುಕೊಂಡ.

ಎರಡು ಗಂಟೆಯಲ್ಲಿ ಹೇಳಬಹುದಾಗಿತ್ತು, ಹೇಳಲಿಲ್ಲ. ಹೇಳಿದವನು ಮ್ಯೂಸಿಯಮ್ಮಿನ ಕಾವಲುಗಾರ, ಅದೂ ಪ್ರೀತಿಯಿಂದ.

"ಅಕ್ಕಾ, ನೀವು ಗೆದ್ರಿ," ಎಂದ ಅವನು ಬಾಗಿಲಲ್ಲೇ. "ಇಪ್ಪತ್ತು ವರ್ಷ ಕರೆದೆ ಈ ಪುಣ್ಯಾತ್ಮನ್ನ. ಹಿಂದುಗಡೆ ಬಸ್ಸಲ್ಲಿ ಮಲಗಿರ್ತಿದ್ದ. ಒಂದು ದಿನಕ್ಕೂ ಒಳಗೆ ಕಾಲಿಡಲಿಲ್ಲ."

ಹೆಂಡತಿ, ಇಸ್ತ್ರಿಗೆ ಬಂದ ಅಂಗಿಯಲ್ಲಿ ಕಲೆ ಹುಡುಕುವಂತೆ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಸಿಂಹ?"

"ಜನ ಹೇಳಿದ್ದು."

"ಗಡಿಯಾರ?"

"ಅದೂ ಜನ ಹೇಳಿದ್ದೇ ಕಣೇ."

"ಯಾವ ಜನ?"

"ಹಿಂದಿನ ಸೀಟಿನವರು."

ಅವಳು ಸೆರಗು ಸರಿಮಾಡಿಕೊಂಡಳು. ತುಟಿಯಂಚಿನಲ್ಲಿ ಏನೋ ಅದುರಿತು, ಕೋಪವೋ ನಗುವೋ ಅವನಿಗೆ ತಿಳಿಯಲಿಲ್ಲ. "ಹಿಂದಿನ ಸೀಟಿನವರು ಎಷ್ಟು ನಿಜ ಹೇಳಿದಾರೆ ಅಂತ ನೋಡೇಬಿಡೋಣ ನಡೀರಿ," ಎಂದು ಮುಂದೆ ಹೊರಟಳು. ಆ ಚಿತ್ರದ ಮಾತು ಅವನ ನಾಲಿಗೆಯ ತುದಿಗೆ ಬಂತು. ಬಿಸಿ ತುಪ್ಪದಂತೆ ನುಂಗಲೂ ಆಗದೆ ಉಗುಳಲೂ ಆಗದೆ ಹಿಂದೆ ನಡೆದ.

ಒಳಗೆ ಹೋದಮೇಲೆ ತಿಳಿಯಿತು, ದಾರಿ ಗೊತ್ತಿದ್ದವಳು ಅವಳೇ. ಇಪ್ಪತ್ತೆಂಟು ವರ್ಷದ ಒಂದು ಮಾತನ್ನೂ ಅವಳು ಕಳೆದುಕೊಂಡಿರಲಿಲ್ಲ. ಎಡಕ್ಕೆ ತಿರುಗಿದರೆ ಸಿಂಹ ಎಂದಳು, ಸಿಂಹವಿತ್ತು. ಮೂಗಿರಲಿಲ್ಲ, ಗತ್ತಿತ್ತು. ಎರಡು ಮೆಟ್ಟಿಲಿಳಿದರೆ ದೋಣಿ ಎಂದಳು, ಎರಡೇ ಮೆಟ್ಟಿಲು. ಗಡಿಯಾರಗಳು ಅವನು ಹೇಳಿದಂತೆ ಏಳಲ್ಲ, ಒಂಬತ್ತಿದ್ದವು. "ಹಿಂದಿನ ಸೀಟಿನವರು ಎರಡು ನುಂಗಿದಾರೆ," ಎಂದು ಬೆರಳು ಮಡಚಿದಳು. ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತಾಳೆ ಎಂದು ಅವನು ನೂರು ಸಲ ವರ್ಣಿಸಿದ್ದ ಕಲ್ಲಿನ ಹೆಂಗಸಿನ ಮುಂದೆ ಡ್ರೈವರಣ್ಣ ಅತ್ತ ಮೂರು ಹೆಜ್ಜೆ, ಇತ್ತ ಮೂರು ಹೆಜ್ಜೆ ಇಟ್ಟು, ಕೊನೆಗೆ ಕಂಬದ ಮರೆಯಿಂದಲೂ ಇಣುಕಿದ. ಆ ಕಲ್ಲಿನವಳು ಅಲ್ಲಿಗೂ ನೋಡಿದಳು. ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮೆಲ್ಲಗೆ ಕಲ್ಲನ್ನು ಮುಟ್ಟಿದ. ಕೇಳಿದ್ದನ್ನೇ ಇಷ್ಟು ವರ್ಷ ಹಂಚಿದ್ದವನಿಗೆ, ಕಲ್ಲಿಗೆ ಇಷ್ಟು ತಂಪು ಇರುತ್ತದೆಂದು ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಏಳೆಂಟು ಜನ ಹಿಂದೆ ಕೂಡಿಕೊಂಡಿದ್ದರು. ಅವಳ ಮಾತಿನ ಓಘ ಕೇಳಿ ಇವರು ಇಲ್ಲಿಯ ಗೈಡಿರಬೇಕು ಎಂದುಕೊಂಡಿದ್ದರು. ಅವಳು ಅಲ್ಲವೆನ್ನುವ ಗೋಜಿಗೆ ಹೋಗಲಿಲ್ಲ. ಅಜ್ಜಿ ದೋಣಿಯಲ್ಲಿ ಕೂರಲು ಹೊರಟ ಕತೆಗೆ ಎಲ್ಲರೂ ನಕ್ಕರು. ಡ್ರೈವರಣ್ಣನಿಗೆ ಒಂದು ಗಳಿಗೆ, ಎಲ್ಲ ಇಲ್ಲಿಗೇ ಸುಖವಾಗಿ ಮುಗಿದುಬಿಡಬಹುದು ಅನ್ನಿಸಿತು.

"ಈಗ ಮಹಡಿಗೆ," ಎಂದಳು ಅವಳು, ಮಂಡಿಯ ಮೇಲೆ ಕೈಯಿಟ್ಟು.

ಮೂಲೆಯ ಕೋಣೆಯಲ್ಲಿ ಬರೀ ತಟ್ಟೆಗಳು. ನೀಲಿ, ಹಳದಿ, ಅಂಚು ಮುರಿದವು. ಗೋಡೆಯ ಮೇಲೆ ಮೀಸೆ ಹೊತ್ತ ದಪ್ಪ ಮನುಷ್ಯನೊಬ್ಬನ ಚಿತ್ರ, ಅದರ ಪಕ್ಕ ಖಾಲಿ ಗೋಡೆ. ಅವಳು ಒಂದು ಸುತ್ತು ಬಂದಳು. ಬಾಗಿಲ ಹಿಂದೆಯೂ ನೋಡಿದಳು. ಜನ ಇನ್ನೂ ಮೆಟ್ಟಿಲು ಹತ್ತುತ್ತಿದ್ದರು. ಅವಳು ಮೂಲೆಯ ಕುರ್ಚಿಯಲ್ಲಿದ್ದ ಕಾವಲಿನವಳ ಕಡೆಗೆ ಹೆಜ್ಜೆ ಹಾಕಿದಾಗ ಡ್ರೈವರಣ್ಣ ಅವಳ ಮೊಣಕೈ ಹಿಡಿದ.

"ಕೇಳಬೇಡ. ಅದು ಇಲ್ಲ."

"ತೆಗೆದ್ರಾ?"

"ಇರಲೇ ಇಲ್ಲ ಕಣೇ. ಅದನ್ನ ಯಾರೂ ಹೇಳಿದ್ದಲ್ಲ. ನಾನೇ ಕಟ್ಟಿದ್ದು. ಅವತ್ತು ನಿನ್ನ ಕೈ ಸುಟ್ಟಿತ್ತು."

ಅವಳು ತಟ್ಟೆಗಳ ಗಾಜಿನ ಪೆಟ್ಟಿಗೆಗೆ ಒರಗಿ ನಿಂತಳು. ಅವನು ನೆಲ ನೋಡುತ್ತಿದ್ದ.

"ಬೆಕ್ಕು?"

"ಅದೂ ನಾನೇ."

"ಕತ್ತಿನ ಹಿಂದೆ ಅಂಟಿದ ಕೂದಲು?"

ಅವನು ಕಣ್ಣೆತ್ತಿ ಅವಳನ್ನು ನೋಡಿದ. "ಅದು ಇದೆ. ನಿನಗೆ ಕಾಣ್ಸಲ್ಲ. ನಾನು ಬಾಗಿಲಲ್ಲಿ ಚಪ್ಪಲಿ ಬಿಡೋವಾಗ ಕಾಣ್ಸುತ್ತೆ."

ಅವಳ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಕೂದಲು ಅಲ್ಲೇ ಇತ್ತು, ಮೆಟ್ಟಿಲು ಹತ್ತಿದ ಬೆವರಿಗೆ ಅಂಟಿಕೊಂಡು.

"ಕೆಳಗಿರೋದೆಲ್ಲ ಊರವರು ನೋಡಿದ್ದು," ಎಂದಳು ನಿಧಾನವಾಗಿ. "ಇದೊಂದು ನೀವು ನೋಡಿದ್ದು."

ಜನ ಬಂದು ತುಂಬಿಕೊಂಡರು. ಈ ಕೋಣೆಯಲ್ಲಿ ಏನು ವಿಶೇಷ ಅಮ್ಮಾ ಎಂದು ಕನ್ನಡಕದವರೊಬ್ಬರು ಕೇಳಿದರು. ಅವಳು ಖಾಲಿ ಗೋಡೆಗೆ ಕೈ ತೋರಿಸಿದಳು.

"ಇಲ್ಲಿರಬೇಕಾದ ಚಿತ್ರ ನಮ್ಮ ಮನೇಲಿದೆ."

ಕಾವಲಿನವಳು ಕುರ್ಚಿಯಿಂದ ದಡಕ್ಕನೆ ಎದ್ದಳು. ಅವಳನ್ನು ಸಮಾಧಾನ ಮಾಡಿ ಕೂರಿಸುವಷ್ಟರಲ್ಲಿ ಡ್ರೈವರಣ್ಣನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಹೊರಗೆ ಬಂದಮೇಲೆ ಅವಳು ಅಂಗಡಿ ಬೀದಿಗೆ ನಡೆದಳು. ಆ ಬೀದಿಯನ್ನೂ ಅವನು ಸ್ಟೀರಿಂಗ್ ಎತ್ತರದಿಂದ ಮಾತ್ರ ಕಂಡವನು, ನಾಮಫಲಕಗಳ ಪರಿಚಯ ಅಷ್ಟೇ. ಅಂಗಿ ಗುಂಡಿಗಳ ಅಂಗಡಿ, ಹಳೆಯ ಬೀಗಗಳ ಅಂಗಡಿ, ಬರೀ ಕುಂಚಗಳನ್ನೇ ಮಾರುವ ಒಂದು ಇಕ್ಕಟ್ಟಾದ ಗೂಡು. ಒಂದು ಹಸಿರು ಬಾಗಿಲಿಗೆ ಫಲಕವೇ ಇರಲಿಲ್ಲ, ಒಳಗೆ ದೀಪ ಉರಿಯುತ್ತಿತ್ತು.

"ಅದರೊಳಗೆ ಏನಿದೆ ರೀ?" ಎಂದಳು ಅವಳು ಅಭ್ಯಾಸಬಲದಿಂದ.

ಅವನ ಬಾಯಲ್ಲಿ ಉತ್ತರವೊಂದು ಆಗಲೇ ಬೆಕ್ಕು, ಬೋಗುಣಿ ಸಮೇತ ಸಿದ್ಧವಾಗುತ್ತಿತ್ತು. ಅದನ್ನು ಅಲ್ಲೇ ತಡೆದ.

"ಗೊತ್ತಿಲ್ಲ ಕಣೇ," ಎಂದು ಬಾಗಿಲು ತಳ್ಳಿ, ಅವಳು ಮೊದಲು ಹೋಗಲಿ ಎಂದು ಪಕ್ಕಕ್ಕೆ ನಿಂತ.