‘ಮನೆಯಲ್ಲಿದ್ದಾಳೆ’ ಎಂದು ಬರೆದ ಪತ್ರ

ಒಟ್ಟು ತೊಂಬತ್ತೆರಡು ಸಾವಿರ ರೂಪಾಯಿ ಹೋಯಿತು. ಜಪಾನೀ ಭಾಷೆಯ ತರಗತಿ, ಪರೀಕ್ಷೆ, ಅಲ್ಲಿನ ಭಾಷಾ ಶಾಲೆಗೆ ಕಟ್ಟಿದ ಅರ್ಜಿ ಶುಲ್ಕ, ಕಾಗದಪತ್ರಗಳ ಅನುವಾದ, ಪೋರೂರಿನ ಏಜೆಂಟನ ಫೀಸು, ಎಲ್ಲ ಸೇರಿ. ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಅಷ್ಟು ಖರ್ಚು ಮಾಡಿದ್ದು ಮಗಳು ಜಪಾನಿಗೆ ಓದಲು ಹೋಗಲೆಂದು. ಅವಳು ಹೋಗಲಾಗದೆ ಉಳಿದದ್ದು ನಾನು ಹದಿನೆಂಟು ಸಾವಿರ ಉಳಿಸಿದ್ದಕ್ಕೆ.

ಕೋಡಂಬಾಕ್ಕಂನಲ್ಲಿ ನನ್ನದೊಂದು ಅಂಗಡಿ. ಲೈನಿಂಗ್ ಬಟ್ಟೆ, ಗುಂಡಿ, ಜಿಪ್ಪು, ಲೇಸು. ಮಂಡ್ಯ ಕಡೆಯಿಂದ ಮದುವೆಯಾಗಿ ಬಂದಾಗ ನನಗೆ ತಮಿಳು ಬರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿ ಹಾಕಿ, ಚೌಕಾಸಿ ಮಾಡುತ್ತಲೇ ಕಲಿತೆ. ಮಗಳಿಗೆ ಈಗಲೂ ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ.

ಡಿಗ್ರಿ ಮುಗಿದ ಮೇಲೆ ಅವಳು ನಾಲ್ಕು ವರ್ಷ ಗಲ್ಲಾದಲ್ಲಿ ಕೂತಳು. ಕೂತಳು ಅಂದರೆ, ಅಂಗಡಿ ನಡೆಸಿದಳು. ಯಾವ ಟೈಲರ್‌ಗೆ ಯಾವ ಗುಂಡಿ ಎಂದು ಅವನು ಬಾಯಿ ಬಿಡುವ ಮೊದಲೇ ತೆಗೆದಿಡುತ್ತಿದ್ದಳು. ಸಂಬಳ ಅಂತ ಬರೆಯಲಿಲ್ಲ. ಮನೆ ಮಗಳಿಗೆ ಯಾರು ಸಂಬಳ ಬರೆಯುತ್ತಾರೆ? ನಮ್ಮ ಬೀದಿಯ ಅಂಗಡಿಗಳಲ್ಲೆಲ್ಲ ಹೀಗೆಯೇ. ಅವಳಿಗೆ ಜಪಾನಿನಲ್ಲಿ ಭಾಷೆ ಕಲಿತು, ಆಮೇಲೆ ಬಟ್ಟೆಯ ಕಟಿಂಗ್ ಕಲಿಸುವ ಕಾಲೇಜು ಸೇರುವ ಆಸೆ. ಅದೊಂದನ್ನು ಬಿಟ್ಟು ನನ್ನ ಹತ್ತಿರ ಬೇರೇನೂ ಕೇಳಿದವಳಲ್ಲ.

ಏಜೆಂಟ್ ನಲವತ್ತು ಸಾವಿರ ಅಂದ. ನಾನು ಎದ್ದು ಬಾಗಿಲವರೆಗೆ ಹೋದೆ. ಕರೆದ.

"ಪೇಪರ್‌ಗಳನ್ನೆಲ್ಲ ಒಂದಕ್ಕೊಂದು ಹೊಂದಿಸಿ ನೋಡೋ ಕೆಲಸ ಬೇಡ ಅಂದ್ರೆ ಇಪ್ಪತ್ತೆರಡು, ಅಮ್ಮಾ."

"ಬೇಡ ಬಿಡಪ್ಪ. ಓದೋಕೆ ನಮಗೇ ಬರುತ್ತೆ."

"ಜಪಾನೀಸೂ ಬರುತ್ತಾ ಅಮ್ಮಾ?"

"ಅದಕ್ಕೆ ಮಗಳಿದ್ದಾಳೆ," ಅಂದೆ. ಗೆದ್ದೆ ಅಂದುಕೊಂಡು ಬಸ್ ಹತ್ತಿದೆ.

ವೀಸಾಕ್ಕೆ ಮೊದಲು ಅಲ್ಲಿನ ವಲಸೆ ಕಚೇರಿಯಿಂದ ಒಂದು ಅರ್ಹತಾ ಪತ್ರ ಬರಬೇಕು. ನಮ್ಮ ಪರವಾಗಿ ಅರ್ಜಿ ಹಾಕುವುದು ಶಾಲೆ. ಯಾಕೆ ಓದಬೇಕು, ಡಿಗ್ರಿ ಮುಗಿದ ಮೇಲೆ ಏನು ಮಾಡಿದೆ ಎಂದು ಮಗಳು ಬರೆಯಬೇಕು. ಖರ್ಚು ನೋಡಿಕೊಳ್ಳುವವಳು ನಾನು, ನನ್ನದೂ ಒಂದು ಪತ್ರ. ಬ್ಯಾಂಕಿನ ಕಾಗದ, ತೆರಿಗೆಯ ಕಾಗದ ಎಲ್ಲ ಸರಿಯಿದ್ದವು. ಆದರೆ ಪತ್ರ ಬರೆಯಲು ಕೂತಾಗ ನನ್ನ ವ್ಯಾಪಾರದ ಬುದ್ಧಿ ಓಡಿತು. ಅಂಗಡಿ ನಡೆಸುವುದೇ ಮಗಳು ಎಂದು ಗೊತ್ತಾದರೆ, ಅವಳು ಬಂದ ಮೇಲೆ ದುಡ್ಡು ಕಳಿಸುವವರು ಯಾರು ಅಂತ ಕೇಳಲ್ಲವೇ? ನಮ್ಮ ಅಗತ್ಯವನ್ನು ಎದುರಿನವರಿಗೆ ತೋರಿಸಬಾರದು ಎಂಬುದು ನನ್ನ ಇಪ್ಪತ್ತು ವರ್ಷದ ಲೆಕ್ಕ. ಬರೆದೆ: ಮಗಳು ಓದು ಮುಗಿಸಿ ಮನೆಯಲ್ಲಿದ್ದಾಳೆ, ಅಂಗಡಿಯನ್ನು ನಾನೊಬ್ಬಳೇ ನಡೆಸುತ್ತೇನೆ. ಮಗಳಿಗೆ ತೋರಿಸದೆ ಲಕೋಟೆ ಅಂಟಿಸಿ ಏಜೆಂಟನಿಗೆ ಕೊಟ್ಟೆ.

ಏಪ್ರಿಲ್ ತರಗತಿಗೆ ಸೂಟ್‌ಕೇಸ್ ನೋಡಲು ಹೊರಟ ದಿನ ಏಜೆಂಟನ ಫೋನು ಬಂತು. ಅರ್ಹತಾ ಪತ್ರ ಕೊಡಲಿಲ್ಲ. ಅರ್ಜಿದಾರಳು ನಾಲ್ಕು ವರ್ಷ ಏನು ಮಾಡಿದಳು ಎಂಬುದಕ್ಕೆ ತಾಯಿಯ ಮಾತು ಒಂದು, ಮಗಳ ಮಾತು ಇನ್ನೊಂದು. ಕೆಲಸಕ್ಕೆ ದಾಖಲೆಯೂ ಇಲ್ಲ, ನಂಬಲಾಗದು ಎಂದು ಶಾಲೆಗೆ ಹೇಳಿದರಂತೆ.

ಮಗಳು ತಾನು ಜಪಾನಿಯಲ್ಲಿ ಬರೆದದ್ದನ್ನು ಆಗ ಓದಿ ಹೇಳಿದಳು: ನಾಲ್ಕು ವರ್ಷದಿಂದ ಅಮ್ಮನ ಅಂಗಡಿಯ ಪೂರ್ತಿ ಜವಾಬ್ದಾರಿ ನನ್ನದು. ಅಮ್ಮ ಸರಕು ತರಲು ಹೋದಾಗ ಬೆಲೆ ಹೇಳುವವಳೂ ನಾನೇ. ಆಮೇಲೆ ನನ್ನ ಪತ್ರದ ನಕಲು ನೋಡಿದಳು.

"ನಾಲು ವರುಷಮಾ ನಾ ವೀಟ್ಲಯಾ ಇರುಂದೇನ್?"

ನಾಲ್ಕು ವರ್ಷ ನಾನು ಮನೆಯಲ್ಲಿದ್ದೆನಾ ಅಂತ. ಕಿರುಚಲಿಲ್ಲ. ಗುಂಡಿಯ ರೇಟು ಕೇಳಿದ ಹಾಗೆ ಕೇಳಿದಳು.

ಹಳೇ ತಾರೀಕು ಹಾಕಿ ಸಂಬಳದ ವೋಚರ್ ಮಾಡಿಸೋಣ ಅಂದೆ. ಬೇಡ, ಇನ್ನೊಂದು ಸುಳ್ಳಿಗೆ ನಾನು ಸೈನ್ ಹಾಕಲ್ಲ ಅಂದಳು. ಮತ್ತೆ ಅರ್ಜಿ ಹಾಕಬಹುದು, ಆದರೆ ಹಳೆಯ ಕಾಗದ ಅಲ್ಲೇ ಇರುತ್ತದೆ. ಅದರ ಪಕ್ಕದಲ್ಲಿಟ್ಟೇ ಹೊಸದನ್ನು ನೋಡುತ್ತಾರೆ, ನಾವು ಅರ್ಜಿ ಹಾಕಿದ್ದ ಶಾಲೆಯವರಂತೂ ಇನ್ನು ಸೇರಿಸಿಕೊಳ್ಳಲ್ಲ ಎಂದು ಏಜೆಂಟ್ ಹೇಳಿದ. ಬೇರೆ ಮೂರು ಶಾಲೆಗಳೂ ಬೇಡ ಅಂದವು. ಈಗ ಅವಳು ಗಲ್ಲಾದಲ್ಲೇ ಕೂರುತ್ತಾಳೆ. ಭಾಷೆಯ ಪುಸ್ತಕ ತೆಗೆಯುವುದಿಲ್ಲ. ಟೈಲರ್ ಕೇಳಿದ ಮೇಲೆ ಗುಂಡಿ ತೆಗೆದುಕೊಡುತ್ತಾಳೆ, ಮೊದಲು ತೆಗೆದಿಡುವುದಿಲ್ಲ.

ನಿಮ್ಮ ಅಂಗಡಿಯಲ್ಲಿ ಮಗನೋ ಮಗಳೋ ಕೂರುತ್ತಿದ್ದರೆ, ಅವರ ಹೆಸರನ್ನು ಈ ತಿಂಗಳೇ ಪುಸ್ತಕದಲ್ಲಿ ಬರೆಯಿರಿ. ಐದು ಸಾವಿರವಾದರೂ ಸರಿ, ಸಂಬಳವನ್ನು ಬ್ಯಾಂಕಿಗೇ ಹಾಕಿ. ಏಜೆಂಟನ ಹತ್ತಿರ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಕಾಗದ ಹೊಂದಿಸಿ ನೋಡುವ ಕೂಲಿಯನ್ನು ಮಾತ್ರ ಮುರಿಯಬೇಡಿ. ಮತ್ತೆ, ನಿಮ್ಮ ಪತ್ರಕ್ಕೆ ಲಕೋಟೆ ಅಂಟಿಸುವ ಮೊದಲು ಮಕ್ಕಳ ಕೈಗೆ ಕೊಟ್ಟು, ಜೋರಾಗಿ ಓದಿಸಿ.