ವೈಫೈಗೊಂದು ಪಡಸಾಲೆ

ನಮ್ಮ ಮನೆಗೆ ಯಾರೇ ಬರಲಿ, ಅವ್ವ ಮೊದಲು ನೀರು ಕೊಡುತ್ತಾಳೆ, ಆಮೇಲೆ ಚಹಾ. ಚಹಾ ಕುದಿಯುವಷ್ಟು ಹೊತ್ತು ಬಂದವರಿಗೆ ಬೇಸರವಾಗಬಾರದೆಂದು, ಕೆಲವು ವರ್ಷಗಳಿಂದ ಇವೆರಡರ ನಡುವೆ ವೈಫೈ ಪಾಸ್‌ವರ್ಡನ್ನೂ ಕೊಡತೊಡಗಿದ್ದಳು. “ವೈಫೈ ಹಾಕ್ಕೋರಿ, ಸಂಕೋಚ ಮಾಡ್ಕೋಬ್ಯಾಡ್ರಿ,” ಎಂದು ಅಡುಗೆಮನೆಯಿಂದಲೇ ಕೂಗಿ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದಳು. ಗ್ಯಾಸ್ ಸಿಲಿಂಡರ್ ತಂದವನಿಗೆ, ಲಗ್ನಪತ್ರಿಕೆ ಕೊಡಲು ಬಂದವರಿಗೆ, ನಾನು ಕಾಕು ಎನ್ನುವ ಪಕ್ಕದ ಮನೆಯಾಕೆಗೆ, ಕಾಕುವಿನ ಬೀಗರಿಗೆ, ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅಮರಗೋಳದ ಕಡೆಗೆ ಹೋಗುವ ನಮ್ಮ ಓಣಿಯಲ್ಲಿ ನಡೆದುಹೋಗುವವರ ಫೋನುಗಳು ನಮ್ಮ ಗೇಟಿನ ಎದುರು ಬಂದೊಡನೆ ತಾವಾಗಿಯೇ ಟಿಣ್ ಎನ್ನುತ್ತಿದ್ದವು. ಎಷ್ಟೋ ಜನ ಅಲ್ಲೇ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತು ಒಂದು ವಿಡಿಯೋ ನೋಡಿ ಮುಂದೆ ಹೋಗುತ್ತಿದ್ದರು.

ನನಗೆ ಇದರಿಂದ ಆಗುತ್ತಿದ್ದ ತೊಂದರೆ ಅಷ್ಟೇನೂ ದೊಡ್ಡದಲ್ಲ. ಸಂಜೆ ಹೊತ್ತು ಇಂಟರ್‌ನೆಟ್ ಎಳೆದಾಡುತ್ತಿತ್ತು, ಅಷ್ಟೇ. ಆದರೆ ಹೋದ ವರ್ಷ ನನ್ನ ಕಚೇರಿಯಿಂದ ಒಂದು ಸೂಚನೆ ಬಂತು.

ನಾನು ಮಾಡುವುದು ಕೇಳಿ ಬರೆಯುವ ಕೆಲಸ. ರೋಗಿಗಳು ವೈದ್ಯರ ಮುಂದೆ ಹೇಳಿದ ಮಾತುಗಳ ಧ್ವನಿಮುದ್ರಣ ಬರುತ್ತದೆ. ಯಂತ್ರ ಅದನ್ನು ತನಗೆ ತಿಳಿದಂತೆ ಬರಹಕ್ಕಿಳಿಸಿರುತ್ತದೆ. ನಾನು ಕೇಳಿ ತಿದ್ದುತ್ತೇನೆ. ಹೊಟ್ಟೆಯೊಳಗೆ “ಕಿವುಚಿದಂಗ” ಆಗುವುದಕ್ಕೂ “ಹಿಂಡಿದಂಗ” ಆಗುವುದಕ್ಕೂ ವ್ಯತ್ಯಾಸವಿದೆ. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದ್ದು ಇಂಥಲ್ಲಿ ಉಪಯೋಗಕ್ಕೆ ಬರುತ್ತದೆಂದು ವಿಶ್ವವಿದ್ಯಾಲಯದಲ್ಲಿ ಯಾರೂ ಹೇಳಿರಲಿಲ್ಲ. ಕೆಲಸ ನನಗೆ ಇಷ್ಟ. ನನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಯಾರೊಂದಿಗೂ ಮಾತನಾಡದೆ ಮಾಡಬಹುದೆಂಬುದು ಇನ್ನೂ ಇಷ್ಟ.

ಸೂಚನೆಯಲ್ಲಿ ಇದ್ದದ್ದು ಇಷ್ಟು: ರೋಗಿಗಳ ಮಾತು ಗುಟ್ಟಾಗಿರಬೇಕು, ಆದ್ದರಿಂದ ಮನೆಯಿಂದ ಕೆಲಸ ಮಾಡುವವರ ಇಂಟರ್‌ನೆಟ್ಟನ್ನು ಹೊರಗಿನವರು ಬಳಸುವಂತಿಲ್ಲ. ಕಚೇರಿಯವರು ವಿಡಿಯೋ ಕರೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಸರಿಯಿದ್ದರೆ ಮನೆಯಿಂದ ಕೆಲಸ. ಇಲ್ಲವಾದರೆ ಬೆಂಗಳೂರಿನ ಕಚೇರಿಗೆ ಬಂದು ಎಲ್ಲರ ನಡುವೆ ಕುಳಿತು ಕೆಲಸ.

ಎಲ್ಲರ ನಡುವೆ ಎಂಬ ಮಾತನ್ನು ನಾನು ಎರಡು ಸಲ ಓದಿದೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ವಿಷಯ ಎತ್ತಿದೆ. ಆಗ ನಮ್ಮಲ್ಲಿ ಇದ್ದದ್ದು ಓಣಿಯ ಕೇಬಲ್‌ನವರ ಸಂಪರ್ಕ. ಟಿವಿಯೂ ಅವರದೇ, ಇಂಟರ್‌ನೆಟ್ಟೂ ಅವರದೇ. ವೈಫೈ ಡಬ್ಬಿ ಹಳೆಯದು, ಅದರಲ್ಲಿ ಬದಲಾಯಿಸಬಹುದಾದದ್ದು ಪಾಸ್‌ವರ್ಡ್ ಒಂದೇ.

“ಬದಲಿ ಮಾಡಿದ್ರಾತಲ್ಲ, ಅದಕ್ಯಾಕ ಇಷ್ಟು ಚಿಂತಿ?” ಎಂದರು ಅಪ್ಪ.

“ಬದಲಿ ಮಾಡಬಹುದು. ನಾಳೆ ಮುಂಜಾನೆ ಕಾಕು ಬಂದು ಕೇಳ್ತಾರ,” ಎಂದೆ ನಾನು.

ಇಬ್ಬರೂ ಅವ್ವನ ಮುಖ ನೋಡಿದೆವು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನನ್ನ ಯಾಕ ನೋಡ್ತೀರಿ? ಮನಿಗೆ ಬಂದಾವರು ಬಾಯಿ ಬಿಟ್ಟು ಕೇಳಿದ್ರ ಇಲ್ಲ ಅಂತ ಹೆಂಗ ಅನ್ನೂದು? ನೀರು ಕೇಳಿದ್ರ ಇಲ್ಲ ಅಂತೇವೇನು?” ಎಂದಳು.

ಪಾಸ್‌ವರ್ಡ್ ಬದಲಿಸಿ ಉಪಯೋಗವಿರಲಿಲ್ಲ. ಬೇರೆ ಸಂಪರ್ಕ ಹುಡುಕುವುದೆಂದು ತೀರ್ಮಾನವಾಯಿತು. ನಮ್ಮ ಭಾಗಕ್ಕೆ ಬರುವ ಎರಡು ದೊಡ್ಡ ಕಂಪನಿಗಳನ್ನು ಕೇಬಲ್‌ನವರೊಂದಿಗೆ ಹೋಲಿಸಿ ನೋಡುವ ಕೆಲಸ ನನ್ನದು. ಬೆಲೆ ಮಾತಾಡುವುದು ಅಪ್ಪನದು. ಅಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿಯ ದಲಾಲಿ ಅಂಗಡಿ ಇಟ್ಟವರು. ಅಂಗಡಿ ಮುಚ್ಚಿ ಬಂದ ಮೇಲೂ ಅವರಿಗೆ ಒಂದು ವ್ಯವಹಾರ ಬೇಕೇ ಬೇಕು.

ಮೊದಲ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆವು. ಆ ಕಡೆಯ ಹುಡುಗಿ ತನ್ನ ಪಾಠವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಇಂಟರ್‌ನೆಟ್ಟಿನ ಜೊತೆ ಟಿವಿ, ಟಿವಿಯ ಜೊತೆ ಸಿನೆಮಾ, ಸಿನೆಮಾದ ಜೊತೆ ಮತ್ತೇನೋ.

“ಅದೆಲ್ಲಾ ಇರಲಿ ತಂಗೀ, ಕಡೀ ರೇಟ್ ಹೇಳು,” ಎಂದರು ಅಪ್ಪ.

“ಸರ್, ಇದೇ ರೇಟ್ ಸರ್. ಕಂಪನಿ ಫಿಕ್ಸ್ ಮಾಡಿರೋದು.”

“ಕಂಪನೀದು ಕಂಪನಿಗೆ ಇರಲಿ. ನಮಗ ಎಷ್ಟಕ್ಕ ಕೊಡ್ತಿ?”

“ಸರ್, ನಾನು ಕೊಡೋದಲ್ಲ ಸರ್.”

“ಹಂಗಾದ್ರ ಕೊಡಾವರ ಕೈಯಾಗ ಫೋನ್ ಕೊಡು.”

ಹುಡುಗಿ ನಮ್ಮನ್ನು ಸಂಗೀತದ ವಶಕ್ಕೆ ಒಪ್ಪಿಸಿ ಹೋದಳು. ಅಪ್ಪ ಅದಕ್ಕೆ ತೊಡೆಯ ಮೇಲೆ ತಾಳ ಹಾಕುತ್ತ ಕುಳಿತರು. ಮರಳಿ ಬಂದಾಗ ಆಕೆ ಡಬ್ಬಿಯ ಠೇವಣಿ ಬಿಡುತ್ತೇವೆಂದಳು. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆ ಠೇವಣಿಯನ್ನು ಕಂಪನಿಯವರು ಎಲ್ಲರಿಗೂ ಬಿಡುತ್ತಾರೆಂದು ಅವರದೇ ಜಾಲತಾಣದಲ್ಲಿ ಓದಿದ್ದೆ. ಹೇಳಲಿಲ್ಲ.

ನಾನು ಮಾಡಿದ್ದು ಸಪ್ಪೆ ಕೆಲಸ. ಜಾಹೀರಾತಿನ ದರವನ್ನು ಬದಿಗಿಟ್ಟು, ತೆರಿಗೆ, ಡಬ್ಬಿಯ ಬಾಡಿಗೆ, ಜೋಡಣೆಯ ಖರ್ಚು, ಮೊದಲ ಕೆಲವು ತಿಂಗಳ ರಿಯಾಯಿತಿ ಮುಗಿದ ಮೇಲಿನ ದರ ಎಲ್ಲವನ್ನೂ ಸೇರಿಸಿ, ಇಡೀ ವರ್ಷಕ್ಕೆ ಎಷ್ಟಾಗುತ್ತದೆಂದು ಮೂರಕ್ಕೂ ನೋಡಿದೆ. ಎಲ್ಲಕ್ಕಿಂತ ಅಗ್ಗವೆಂದು ಕೂಗುತ್ತಿದ್ದ ಮೊದಲ ಕಂಪನಿಯ ಪ್ಯಾಕೇಜು ಎಲ್ಲಕ್ಕಿಂತ ದುಬಾರಿಯಾಯಿತು. ಅದರಲ್ಲಿ ನಾವು ಎಂದೂ ನೋಡದ ಚಾನೆಲ್ಲುಗಳೇ ತುಂಬಿದ್ದವು. ಅವ್ವ ನೋಡುವ ಧಾರಾವಾಹಿಯ ಚಾನೆಲ್ಲಿಗೆ ಮಾತ್ರ ಬೇರೆ ಹಣ.

ಅಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಸಂತೋಷಪಟ್ಟರು. “ನೋಡಿದ್ಯಾ? ಚೀಲದ ತೂಕಾನೂ ಹತ್ತೀ ಲೆಕ್ಕಕ್ಕ ಹಾಕ್ಯಾರ!”

ಆಮೇಲೆ ಸುರಕ್ಷತೆಯ ಪ್ರಶ್ನೆ. ಮೂವರನ್ನೂ ಕೇಳಿದೆ. ಮೂವರೂ ನೂರಕ್ಕೆ ನೂರು ಎಂದರು. ಹೇಗೆ ಎಂದು ಕೇಳಿದಾಗ ಮಾತ್ರ ಉತ್ತರಗಳು ಬೇರೆಯಾದವು. ಕೇಬಲ್‌ನವರು, “ನಮ್ಮ ವೈರ್ ಭಾಳ ಗಟ್ಟಿ ಐತ್ರಿ, ಮಂಗ್ಯಾ ಜಗ್ಗಿದ್ರೂ ಹರಿಯಂಗಿಲ್ಲ,” ಎಂದರು. ಮೊದಲ ಕಂಪನಿಯವರು, “ಪಾಸ್‌ವರ್ಡ್ ಇರುತ್ತಲ್ಲ ಮೇಡಂ,” ಎಂದರು. ಎರಡನೆಯ ಕಂಪನಿಯವನಿಗೆ ಮತ್ತೆ ಫೋನ್ ಮಾಡುವಷ್ಟರಲ್ಲಿ ನಾನು ಕೇಳಬೇಕಾದ ಪ್ರಶ್ನೆಯೇ ಬೇರೆಯೆಂದು ಹೊಳೆದಿತ್ತು. ಅಪಾಯ ವೈರಿನಲ್ಲಿ ಇರಲಿಲ್ಲ. ಅದು ನಮ್ಮ ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿತ್ತು.

“ಒಂದೇ ಡಬ್ಬಿಯಿಂದ ಎರಡು ವೈಫೈ ಬರುವಂತೆ ಮಾಡಬಹುದೇ?” ಎಂದು ಕೇಳಿದೆ. “ಒಂದು ಬಂದವರಿಗೆ, ಒಂದು ನನಗೆ. ಅದರಲ್ಲಿದ್ದವರು ಇದರೊಳಗೆ ಬರಬಾರದು.”

“ಗೆಸ್ಟ್ ನೆಟ್‌ವರ್ಕ್ ಅಲ್ವಾ ಮೇಡಂ? ನಮ್ಮ ಹೊಸ ಡಬ್ಬಿಯಲ್ಲಿ ಇದೆ,” ಎಂದ ಆತ.

ಅವ್ವನಿಗೆ ಇದನ್ನು ವಿವರಿಸಲು ನಾನು ಸಾಕಷ್ಟು ಸಿದ್ಧವಾಗಿದ್ದೆ. ಒಂದೇ ಸಾಧನ, ಎರಡು ಪ್ರತ್ಯೇಕ ಜಾಲ ಎಂದು ಶುರುಮಾಡಿದೆ. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕೇಳಿ, “ಅಂದ್ರ ಒಂದು ಪಡಸಾಲಿ, ಒಂದು ನಡುಮನಿ,” ಎಂದಳು.

 ಅದಕ್ಕಿಂತ ಸರಿಯಾಗಿ ಹೇಳುವುದು ಸಾಧ್ಯವಿರಲಿಲ್ಲ. ನಮ್ಮ ಕಡೆ ಹೊರಗಿನವರು ಎಷ್ಟೇ ಹತ್ತಿರದವರಾದರೂ ಮುಂದಿನ ಪಡಸಾಲೆಯಲ್ಲಿ ಕೂರುತ್ತಾರೆ; ಒಳಗಿನ ನಡುಮನೆಗೆ ಕರೆಯದೆ ಕಾಲಿಡುವುದಿಲ್ಲ. ಅದರಲ್ಲಿ ಯಾರಿಗೂ ಅವಮಾನವಿಲ್ಲ.

“ಇದನ್ನ ಮೊದಲಽ ಹೇಳಬೇಕಿಲ್ಲೇನು? ನಾ ಸುಮ್ನ ಕಾಕುನ ಮುಂದ ಹೆಂಗ ಸುಳ್ಳು ಹೇಳೂದು ಅಂತ ಒದ್ದಾಡಾಕತ್ತಿದ್ದೆ,” ಎಂದಳು ಅವ್ವ.

ಹೀಗೆ ಟಿವಿ ಕೇಬಲ್‌ನವರಲ್ಲೇ ಉಳಿಯಿತು. ಇಂಟರ್‌ನೆಟ್ ಹೋದರೂ ಧಾರಾವಾಹಿ ನಿಲ್ಲಬಾರದೆಂಬುದು ಅವ್ವನ ಷರತ್ತು. ಇಂಟರ್‌ನೆಟ್ ಮಾತ್ರ ಎರಡನೆಯ ಕಂಪನಿಯಿಂದ ಬಂತು. ಎರಡನ್ನೂ ಸೇರಿಸಿದರೂ ಆ ದೊಡ್ಡ ಪ್ಯಾಕೇಜಿಗಿಂತ ಕಡಿಮೆಯೇ ಆಯಿತು. ಡಬ್ಬಿ ಜೋಡಿಸಿದವರು ಎರಡು ವೈಫೈಗಳಿಗೆ ಹೆಸರು ಕೇಳಿದರು. ನಾನು ಪೆನ್ನು ಹುಡುಕುವಷ್ಟರಲ್ಲಿ ಅಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ತಾವೇ ಒತ್ತಿಬಿಟ್ಟಿದ್ದರು: PADASALI, NADUMANI.

“ನಡುಮನೆ ಅಂತ ಬರೀಬೇಕಿತ್ತಪ್ಪಾ. ಕೊನೆಗೆ I ಅಲ್ಲ, E ಬರಬೇಕು,” ಎಂದೆ.

“ಯಾಕ? ಯಾರ ಮನ್ಯಾಗ ‘ಮನೆ’ ಅಂತಾರ? ನಮ್ಮದು ಮನಿ. ಬರದದ್ದು ಸರಿ ಐತಿ.”

ಭಾಷಾವಿಜ್ಞಾನದ ದೃಷ್ಟಿಯಿಂದ ಅವರು ಹೇಳಿದ್ದು ಸರಿಯಾಗಿತ್ತು. ಬಿಟ್ಟುಬಿಟ್ಟೆ.

ಪಾಸ್‌ವರ್ಡುಗಳನ್ನು ಮಾತ್ರ ಯಾರಿಗೂ ಬಿಡಲಿಲ್ಲ. ಡಬ್ಬಿಯ ಅಡಿಯಲ್ಲಿ ಅಂಟಿಸಿದ್ದ ಮೂಲ ಪಾಸ್‌ವರ್ಡನ್ನೂ ಬದಲಿಸಿದೆ, ಯಾರೂ ಚೀಟಿ ಓದಿ ಒಳಗೆ ಬರಬಾರದೆಂದು. ನಡುಮನೆಯದನ್ನು ಉದ್ದವಾಗಿ, ಯಾವ ಅರ್ಥವೂ ಇಲ್ಲದಂತೆ ರಚಿಸಿ, ತುಟಿಯೊಳಗೇ ಹೇಳಿಕೊಳ್ಳುತ್ತ ಲ್ಯಾಪ್‌ಟಾಪಿಗೆ ಒತ್ತುತ್ತಿದ್ದೆ. ತಪ್ಪೆಂದು ತೋರಿಸಿತು. ಮತ್ತೆ ಒತ್ತಿದೆ. ಮತ್ತೆ ತಪ್ಪು.

“ಕಡೀಕ ಒಂದು ಸೊನ್ನಿ ಬಿಟ್ಟಿ ನೋಡು,” ಎಂದಳು ಹಿಂದೆ ನಿಂತಿದ್ದ ಅವ್ವ.

ಒಮ್ಮೆ ಕಿವಿಗೆ ಬಿದ್ದ ಫೋನ್ ನಂಬರನ್ನು ಅವ್ವ ಎಂದೂ ಮರೆತವಳಲ್ಲ. ಬೇರೊಂದನ್ನು ಇಡಬಹುದಿತ್ತು. ಅವಳ ಮುಖ ನೋಡಿ ಇಡಲಾಗಲಿಲ್ಲ. ಸೊನ್ನೆ ಒತ್ತಿದೆ.

ಪರೀಕ್ಷೆಯ ದಿನ ಬಾಗಿಲು ಹಾಕಿಕೊಂಡು ಕುಳಿತೆ. ಬೆಂಗಳೂರಿನಿಂದ ಕರೆ ಮಾಡಿದವರು ನನ್ನ ವಯಸ್ಸಿನವರೇ, ಸೌಮ್ಯವಾಗಿ ಮಾತನಾಡುವವರು. ನನ್ನ ಪರದೆಯನ್ನು ತೋರಿಸಲು ಹೇಳಿದರು. ತೋರಿಸಿದೆ. 

“ಮೇಡಂ, ಸಂಪರ್ಕ ಬೇರೆಯವರ ಹೆಸರಲ್ಲಿದೆ ಅಲ್ವಾ?”

“ಇಲ್ಲ, ನಮ್ಮದೇ.”

“ನಡು ಮಣಿ ಅಂತ ತೋರಿಸ್ತಿದೆ. ಮಣಿ ಯಾರು? ಪಕ್ಕದ ಮನೆಯವರಾ?”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬಿಸಿಯಾಯಿತು. “ಮಣಿ ಅಲ್ಲ, ಮನಿ,” ಎಂದೆ.

“ಮನಿ ಅಂದ್ರೆ… ದುಡ್ಡಾ?”

“ಅಲ್ಲ, ಮನಿ ಅಂದರೆ ಮನೆ. ನಡುಮನಿ. ನಡುಮನೆ.” ಇದನ್ನು ಹೇಳುವಾಗ ನಾನು ಎಂ.ಎ. ಮಾಡಿದವಳಂತೆ ಕೇಳಿಸಲಿಲ್ಲವೆಂದು ಬಲ್ಲೆ. “ನಮ್ಮ ಕಡೆ ಪದದ ಕೊನೆಯ ಎಕಾರ ಇಕಾರವಾಗುತ್ತದೆ.”

“ಓ,” ಎಂದರು ಅವರು. ಅದನ್ನೂ ಟೈಪ್ ಮಾಡಿಕೊಳ್ಳುವ ಸದ್ದು ಕೇಳಿಸಿತು. “ಹಾಗಾದ್ರೆ ಪಡಸಾಲಿ ಯಾರು?”

ಅದನ್ನೂ ವಿವರಿಸಿದೆ. ಬಂದವರ ಫೋನುಗಳು ಅದರಲ್ಲಿ, ಅಪ್ಪ ಅವ್ವನ ಫೋನುಗಳೂ ಅದರಲ್ಲಿಯೇ, ನನ್ನ ಲ್ಯಾಪ್‌ಟಾಪ್ ಒಂದೇ ಇದರಲ್ಲಿ. ಅವರು ಒಂದೊಂದಾಗಿ ನೋಡಿ ಸರಿಯಿದೆ ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಕೊನೆಯ ಪ್ರಶ್ನೆ ಬಂತು.

“ನಡುಮನೆ ಪಾಸ್‌ವರ್ಡ್ ನಿಮ್ಮನ್ನ ಬಿಟ್ಟು ಬೇರೆ ಯಾರಿಗಾದ್ರೂ ಗೊತ್ತಾ?”

ಇಲ್ಲವೆಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಲ್ಲವೆಂಬುದು ನಿಜವಾಗಿರಲಿಲ್ಲ. “ನಮ್ಮ ತಾಯಿಗೆ ಗೊತ್ತು,” ಎಂದೆ.

“ಅವರು ಯಾರಿಗೂ ಹೇಳಲ್ಲ ಅಲ್ವಾ?”

ಇಡೀ ಪರೀಕ್ಷೆಯಲ್ಲಿ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಇದೊಂದೇ. ನಾನು ತಡವರಿಸುತ್ತಿದ್ದಾಗ ಮುಚ್ಚಿದ ಬಾಗಿಲಿನ ಆಚೆಯಿಂದ ದನಿ ಬಂತು.

“ಹೇಳಂಗಿಲ್ಲ ಅಂತ ಹೇಳು ಅವರಿಗೆ!”

ಆ ಕಡೆಯವರು ನಕ್ಕುಬಿಟ್ಟರು. “ಸರಿ ಮೇಡಂ, ಕೇಳಿಸ್ತು. ಆದ್ರೆ ಮುಂದೆ ಯಾವಾಗಾದ್ರೂ ಮತ್ತೆ ನೋಡ್ತೀವಿ. ನಡುಮನೆಯಲ್ಲಿ ಬೇರೆ ಯಾವುದಾದ್ರೂ ಫೋನ್ ಕಾಣಿಸಿದ್ರೆ ಅನುಮತಿ ರದ್ದಾಗುತ್ತೆ,” ಎಂದರು.

ಕರೆ ಮುಗಿದ ಮೇಲೆ ಬಾಗಿಲು ತೆರೆದೆ. ಅವ್ವ ಕೈಯಲ್ಲಿ ಕಸಬರಿಗೆ ಹಿಡಿದು, ಅಲ್ಲೇ ಗುಡಿಸುತ್ತಿದ್ದವಳಂತೆ ನಿಂತಿದ್ದಳು. ನೆಲ ಅದಾಗಲೇ ಸ್ವಚ್ಛವಾಗಿತ್ತು.

“ರದ್ದ ಅಂದ್ರ ಬೆಂಗಳೂರೇನು?” ಎಂದು ಕೇಳಿದಳು.

“ಹೂಂ.”

ಅವಳು ಕಸಬರಿಗೆ ಮೂಲೆಗಿಟ್ಟು ಒಳಗೆ ಹೋದಳು.

ಓಣಿಯವರು ಪಡಸಾಲೆಗೆ ಬೇಗ ಹೊಂದಿಕೊಂಡರು. ಕಾಕು ಹೊಸ ಪಾಸ್‌ವರ್ಡ್ ಹಾಕಿಕೊಂಡು, “ಅಕ್ಕಾರ, ಈಗ ಮೊದಲಿನಕಿಂತ ಲಗೂ ಓಡತೈತ್ರಿ,” ಎಂದು ಮೆಚ್ಚಿದರು. ಆದರೆ ಕಾಕು ಹೊರಗಿನವರು. ಅವರಿಗೆ ಪಡಸಾಲೆ ಸಾಕು. ನನ್ನ ಅಳುಕು ಇದ್ದದ್ದು ನಮ್ಮವರ ಬಗ್ಗೆ.

ನಮ್ಮವರು ಬಂದದ್ದು ಕೆಲವು ದಿನಗಳ ನಂತರ. ಬಂದವರು ಅವ್ವನ ತಮ್ಮ, ನನ್ನ ಸೋದರಮಾವ. ಈ ಮನೆಯಲ್ಲಿ ಅವರು ಕೇಳಿದ್ದನ್ನು ಅವ್ವ ಇಲ್ಲವೆಂದದ್ದು ನನಗಂತೂ ನೆನಪಿಲ್ಲ. ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕ ಕುಳಿತವರೇ ಫೋನ್ ತೆಗೆದರು. ಕೋಣೆಯಲ್ಲಿದ್ದ ನನಗೆ ಎಲ್ಲವೂ ಕೇಳಿಸುತ್ತಿತ್ತು.

“ಅಕ್ಕಾ, ಇಲ್ಲಿ ಎರಡು ತೋರಸಾಕತ್ತಾವಲ್ಲ. ಪಡಸಾಲ್ಯಾಗ ಮಂದಿ ಭಾಳ ಇರ್ತಾರ. ನಡುಮನೀದು ಹೇಳು.”

ನಾನು ಹೆಡ್‌ಫೋನನ್ನು ಕೊರಳಿಗೆ ಇಳಿಸಿದೆ. ಎದ್ದು ಹೋಗಿ ನಾನೇ ಹೇಳಬೇಕೆನಿಸಿತು. ಅರ್ಧ ಎದ್ದವಳು ಮತ್ತೆ ಕುಳಿತೆ. ಆಚೆ ಅವ್ವ ಚಹಾದ ಕಪ್ಪುಗಳನ್ನು ಕೆಳಗಿಟ್ಟ ಸದ್ದು ಕೇಳಿಸಿತು.

“ಅದನ್ನ ಕೊಡಾಕ ಬರಂಗಿಲ್ಲೋ ತಮ್ಮಾ,” ಎಂದಳು.

“ನನಗೂ? ನಾ ಏನು ಹೊರಗಿನಾವೇನು?”

“ನೀ ಒಳಗಿನಾವ. ಆದ್ರ ಅದು ಅಕೀ ಕೆಲಸದ್ದು. ಕೊಟ್ರ ಹುಡುಗಿ ಮನ್ಯಾಗ ಉಳಿಯಂಗಿಲ್ಲ.” ಅವಳ ದನಿ ಎಂದಿನಷ್ಟೇ ಮೆತ್ತಗಿತ್ತು. “ನಮ್ಮ ಮನಿಯವರೂ ಪಡಸಾಲ್ಯಾಗ ಅದಾರ, ಕೇಳು ಬೇಕಾದ್ರ.”

ಮಾಮಾ ಅಪ್ಪನ ಕಡೆ ತಿರುಗಿದರೆಂದು ಕುರ್ಚಿಯ ಸದ್ದಿನಿಂದ ಗೊತ್ತಾಯಿತು. “ಖರೇನ್ರಿ? ನಿಮ್ಮನ್ನೂ ಹೊರಗ ಹಾಕ್ಯಾರೇನು?”

“ನಾ ಇಲ್ಲೇ ಆರಾಮ ಅದೇನಪಾ,” ಎಂದರು ಅಪ್ಪ. “ನೀನೂ ಕುಂದ್ರು. ಇಲ್ಲಿ ಕಾಕುನ ಬೀಗರೂ ಸಿಗ್ತಾರ.”

ಮೂವರೂ ನಗತೊಡಗಿದರು. ನಾನು ಹೆಡ್‌ಫೋನ್ ಮತ್ತೆ ಕಿವಿಗೇರಿಸಿ, ಮಂಡಿನೋವು ಯಾವ ಕಾಲಿನದೆಂದು ವೈದ್ಯರಿಗೆ ಹೇಳುತ್ತಿದ್ದ ಮುದುಕಿಯ ಮಾತನ್ನು ಮೊದಲಿನಿಂದ ಕೇಳಿಸಿಕೊಂಡೆ.