ಚಿಂದಿ ಗಂಟಿನ ಬೆನ್ನುಹತ್ತಿ ಹರಿಹರಕ್ಕೆ

ಅಕ್ಕ ಹೆರಿಗೆಗೆಂದು ದಾವಣಗೆರೆಗೆ ಬಂದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಬುದ್ಧಿವಂತ ನಾನೇ. ಇಂಟರ್‌ಮೀಡಿಯೇಟ್ ಎರಡು ಸಲ ಫೇಲಾಗಿದ್ದೆನಾದ್ದರಿಂದ ಪಾಸಾದವರಿಗಿಂತ ಹೆಚ್ಚು ಓದಿದವನು ಎಂಬ ಅಭಿಮಾನ ಬೇರೆ.

ಅವ್ವ ಆರು ತಿಂಗಳಿಂದ ಅಟ್ಟದ ಮೇಲೆ ಹಳೇ ಬಟ್ಟೆಯ ಗಂಟೊಂದನ್ನು ಬೆಳೆಸುತ್ತಿದ್ದಳು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವ ಪದ್ಧತಿ ನಮ್ಮ ಓಣಿಯಲ್ಲಿರಲಿಲ್ಲ. ಹೊಸದು ಚುಚ್ಚುತ್ತದೆ. ತುಂಬು ಬಾಳು ಬಾಳಿದವರು ಉಟ್ಟು, ಒಗೆದು ಒಗೆದು ಮೆತ್ತಗಾದ ಬಟ್ಟೆಯೇ ಕೂಸಿನ ಮೈಗೆ ಆಗಬೇಕು. ಪಕ್ಕದ ಮನೆ ಮುದುಕಿಯ ಸೀರೆ, ಮಂಡಕ್ಕಿ ಹುರಿಯುವ ಭಟ್ಟಿಯವರ ಪಂಚೆ, ಹಿಂದಿನ ಮನೆಯ ಸಾಬರ ಲುಂಗಿ, ಹೀಗೆ ಏಳು ಮನೆಯದು ಸೇರಿತ್ತು. ಅರ್ಧ ಕೂಸನ್ನು ಸುತ್ತುವುದಕ್ಕೆ, ಇನ್ನರ್ಧ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುವುದಕ್ಕೆ.

ನನಗೋ ನಾಚಿಕೆ. ಹತ್ತಿ ಮಿಲ್ಲಿನ ಸೈರನ್ನಿಗೆ ಎದ್ದು, ಸೈರನ್ನಿಗೆ ಉಣ್ಣುವ ಊರಿನಲ್ಲಿ ಅಕ್ಕನ ಹೊಟ್ಟೆಯಲ್ಲಿರುವ ನನ್ನ ಅಳಿಯ, ಮಂದಿಯ ಹಳೇ ಲುಂಗಿಯಲ್ಲಿ ಕಣ್ಣು ಬಿಡಬೇಕೆ? ಒಂದು ಮಧ್ಯಾಹ್ನ, ಅವ್ವ ಇಲ್ಲದ ಹೊತ್ತಿನಲ್ಲಿ, ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬಂದಳು. ಗಂಟು ಕೊಟ್ಟು ಒಂದು ದೊಡ್ಡ ಅಲ್ಯೂಮಿನಿಯಂ ಬೋಗುಣಿ ತೆಗೆದುಕೊಂಡೆ. ಕೂಸಿಗೆ ಎರೆಯಲು ಆಗುತ್ತದೆ ಎಂದು ಅಡುಗೆಮನೆಯಲ್ಲಿ ಬೋರಲು ಹಾಕಿ, ಯಾರಾದರೂ ಹೊಗಳಲಿ ಎಂದು ಕಾಯುತ್ತ ಕೂತೆ.

ಸಂಜೆ ಯಾರೂ ನೋಡಲಿಲ್ಲ. ಮಾರನೆಯ ಬೆಳಗ್ಗೆ ಅಕ್ಕನಿಗೆ ಸಣ್ಣಗೆ ನೋವು ಶುರುವಾಯಿತು. ಅವ್ವ ಅಟ್ಟ ಹತ್ತಿ ಬರಿಗೈಯಲ್ಲಿ ಇಳಿದಳು.

"ಗಂಟು ಎಲ್ಲೈತೋ?"

ನಾನು ಬೋಗುಣಿ ತೋರಿಸಿದೆ.

"ಅಯ್ಯೋ ನಿನ್ನ! ಕೂಸಿನ್ನ ಇದ್ರಾಗ ಸುತ್ತಲೇನೋ? ಹೋಗು, ಗಂಟಿಲ್ದ ಮನಿಗೆ ಬರಬ್ಯಾಡ!"

ಪಾತ್ರೆಯವಳನ್ನು ಅವಳ ಮನೆಯಲ್ಲೇ ಹಿಡಿದೆ. ಅವಳು ನಿನ್ನೆಯೇ ಬಜಾರಿನ ಗುಜರಿ ಸಾಬರಿಗೆ ಹಾಕಿದ್ದಳು. ಓಡಿದೆ. ಸಾಬರು ಚಿಂದಿ ರಾಶಿಯ ನಡುವೆ ಕೂತು ಹರಿದ ಅಂಗಿಗಳ ಗುಂಡಿ ಕೀಳುತ್ತಿದ್ದರು.

"ನಿಂದು ಮೆತ್ತಂದು ಮಾಲು. ಮೆತ್ತಂದು ಇಲ್ಲಿ ನಿಲ್ಲಲ್ಲ ಬೇಟಾ. ಹರಿಹರದ ವರ್ಕ್‌ಶಾಪಿಗೆ ಹೊತ್ತು ಮೂಡೋದ್ರಾಗೆ ಹೋಯ್ತು, ಮಶಿನ್ ಒರೆಸಾಕೆ. ದಪ್ಪಂದಾದ್ರೆ ಕಾಗದದ ಮಿಲ್ಲಿಗೆ, ಗುಂಡಿ ಟೇಲರಿಗೆ. ನಮ್ಮತ್ರ ಏನೂ ದಂಡ ಆಗಂಗಿಲ್ಲ." ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಿನ್ನಂಥದಕ್ಕೆ ಮಾತ್ರ ಇನ್ನೂ ಗಿರಾಕಿ ಸಿಕ್ಕಿಲ್ಲ."

ಹರಿಹರಕ್ಕೆ ರೈಲು ಹತ್ತಿದೆ. ಆ ವರ್ಕ್‌ಶಾಪು ಸ್ಟೇಷನ್ನಿನ ಹತ್ತಿರವೇ ಇತ್ತು, ಪಂಪ್‌ಸೆಟ್ ರಿಪೇರಿಯದು. ಒಳಗೆ ಹೆಜ್ಜೆಯಿಡುತ್ತಲೇ ಪಕ್ಕದ ಮನೆ ಮುದುಕಿಯ ಹಸಿರು ಸೀರೆ ಕಂಡಿತು. ಮೇಸ್ತ್ರಿ ಅದರಲ್ಲಿ ಮೊಣಕೈವರೆಗೆ ಗ್ರೀಸು ಒರೆಸಿಕೊಳ್ಳುತ್ತಿದ್ದ. ಉಳಿದದ್ದೆಲ್ಲ ಗಂಟಿನಲ್ಲೇ ಮೂಲೆಯಲ್ಲಿತ್ತು. ನಾನು ಅದರ ಮೇಲೆ ಬಿದ್ದು ತಬ್ಬಿಕೊಂಡೆ.

"ಯಾಕಪಾ, ಕಳ್ಳನೋ, ಹುಚ್ಚನೋ? ಮೊದ್ಲು ಅದನ್ನ ಹೇಳು."

ಕೂಸಿನ ಕತೆ ಹೇಳಿದೆ. ಮೇಸ್ತ್ರಿ ಕೈ ಒರೆಸುವುದನ್ನು ನಿಲ್ಲಿಸಿದ.

"ಕೂಸಿಂದಂದ್ರ ಒಯ್ಯಿ. ಆದ್ರ ಇವತ್ತು ನಾಕು ಮಶಿನ್ ಬಿಚ್ಚೀವಿ, ಕೈ ಯಾತರಾಗ ಒರೆಸ್ಕಂಬಾನು? ಬದಲಿ ಏನರ ಕೊಡು."

ಜಂಭದಿಂದ ನನ್ನ ಹೊಸ ಟೆರಿಲಿನ್ ಅಂಗಿ ಬಿಚ್ಚಿ ಕೊಟ್ಟೆ. ಅವನು ಅದರಿಂದ ಬೆರಳು ಒರೆಸಿದ. ಗ್ರೀಸು ಅಂಗಿಯ ತುಂಬ ಹರಡಿತೇ ಹೊರತು ಬೆರಳು ಬಿಡಲಿಲ್ಲ.

"ಇದು ಎಣ್ಣಿ ಕುಡಿಯಂಗಿಲ್ಲ, ಬೆವರು ಕುಡಿಯಂಗಿಲ್ಲ. ಹೆಂಗೆ ಹಾಕ್ಕಂತಿ ಇದನ್ನ? ಪಂಚಿ ಹತ್ತೀದೈತೇನು?"

ಹತ್ತಿಯದೇ ಆಗಿತ್ತು. ಮುತ್ತಜ್ಜನ ಕಾಲದ ಚಡ್ಡಿಯೊಂದು ಒಳಗಿದ್ದುದು ನನ್ನ ಪುಣ್ಯ. ಉಟ್ಟ ಪಂಚೆ ಬಿಚ್ಚಿ ಕೊಟ್ಟೆ. ಮೇಸ್ತ್ರಿಗೆ ಕನಿಕರವಾಗಿ, ಹಿಂಡಿಯ ವಾಸನೆ ಹೊಡೆಯುವ ಗೋಣಿಚೀಲವೊಂದನ್ನು ಸೊಂಟಕ್ಕೆ ಸುತ್ತಿ, ಸೈಕಲ್ಲಿನ ಹಳೇ ಟ್ಯೂಬಿನಿಂದ ಬಿಗಿದ. ಹೊರಡುವಾಗ ಹಸಿರು ಸೀರೆಯ ಒಗೆಯುವಂತಿದ್ದ ಸೆರಗನ್ನೂ ಹರಿದು ಗಂಟಿಗೆ ತುರುಕಿದ.

ರೈಲಿನಲ್ಲಿ ಮುದುಕನೊಬ್ಬ ಬಹಳ ಹೊತ್ತು ನನ್ನನ್ನೇ ನೋಡಿ, "ಯಾವ ಮಠದೋರು ಸ್ವಾಮಿ?" ಎಂದು ಕೈ ಮುಗಿದ. ನಾನು ಆಶೀರ್ವಾದ ಮಾಡಿಬಿಟ್ಟೆ. ಸ್ವಾಮಿ ಅಲ್ಲ ಎನ್ನುವಷ್ಟು ಧೈರ್ಯ ಉಳಿದಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಅಕ್ಕನ ನರಳಾಟ ಬೀದಿಗೆ ಕೇಳುತ್ತಿತ್ತು. ಅವ್ವ ನನ್ನ ಗೋಣಿಯ ಮೇಲೊಮ್ಮೆ ಕಣ್ಣು ಹಾಯಿಸಿದಳು. ಗಂಟು ಕಸಿದುಕೊಂಡು ಸುತ್ತ ನೋಡಿದಳು. ಅಷ್ಟೂ ಬಟ್ಟೆ ಒಟ್ಟಿಗೆ ಕುದಿಸುವಂಥ ಪಾತ್ರೆ ಮನೆಯಲ್ಲಿ ಒಂದೇ ಇತ್ತು, ನನ್ನ ಬೋಗುಣಿ. ಅದನ್ನೇ ಒಲೆಯ ಮೇಲಿಟ್ಟಳು. ನಾನು ಊದುಗೊಳವೆ ಹಿಡಿದು ಉರಿ ಊದಿದೆ. ಬಿಸಿಲಿಗೆ ಹರವಿದ ಭಟ್ಟಿಯವರ ಪಂಚೆ ಒಣಗುವುದಕ್ಕೂ ಒಳಗೆ ಕೂಸು ಅಳುವುದಕ್ಕೂ ಸರಿಹೋಯಿತು. ಹೆಣ್ಣು ಕೂಸು, ಅಳಿಯ ಎಂದು ತೀರ್ಮಾನಿಸಿದ್ದವನು ನಾನೊಬ್ಬನೇ.

ಮಂಡಕ್ಕಿ ಭಟ್ಟಿಯವರ ಪಂಚೆಯಲ್ಲಿ ಸುತ್ತಿ ಅವಳನ್ನು ನನ್ನ ಕೈಗಿಟ್ಟರು. ಬಟ್ಟೆ ಬೆಚ್ಚಗಿತ್ತು, ಕೆನೆಯಂತೆ ಮೆತ್ತಗಿತ್ತು. ನಾನು ಏನಾದರೂ ಹೇಳುವ ಮೊದಲೇ ಅವಳು ಅದನ್ನು ಒದ್ದೆ ಮಾಡಿದಳು. ಪಂಚೆ ಅಷ್ಟನ್ನೂ ಕುಡಿಯಿತು, ನನ್ನ ಕೈಗೆ ಒಂದು ಹನಿ ಸೋಕಲಿಲ್ಲ. ಟೆರಿಲಿನ್ ಅಂಗಿ ನೆನಪಾಯಿತು.

ಆಮೇಲೆ ಅವ್ವ ಕೌದಿ ಹೊಲಿದಳು. ಹಸಿರು ಸೆರಗಿನ ಗ್ರೀಸು ಪೂರ್ತಿ ಹೋಗಲಿಲ್ಲ. ಆ ಮಗ್ಗುಲನ್ನು ಒಳಗೆ ಮಾಡಿ ಹೊಲಿದಳು. ಗೋಣಿಚೀಲವನ್ನು ಒಗೆದು, ನಾಲ್ಕು ಮಡಿಕೆ ಮಾಡಿ, ಬಾಗಿಲಿಗೆ ಕಾಲೊರೆಸಾಗಿ ಹಾಕಿದಳು. ಕೂಸು ನೋಡಲು ಏಳು ಮನೆಯವರೂ ಬಂದರು. ರೈಲಿನ ಆಶೀರ್ವಾದದ ಕತೆ ನನ್ನ ಬಾಯಿಂದಲೇ ಓಣಿಗೆಲ್ಲ ಹಬ್ಬಿತ್ತು. ಬಂದವರೆಲ್ಲ ಆ ಗೋಣಿಯ ಮೇಲೆ ಕಾಲೊರೆಸಿ, ನನ್ನ ಮುಖ ನೋಡಿ, "ಶರಣ್ರೀ ಸ್ವಾಮಿಗಳೇ" ಎಂದು ಒಳಗೆ ಹೋಗುತ್ತಿದ್ದರು.